ತಾಟಿನ ಕೆಳಗ ಖಾಕಿ

ಕೊಟ್ಟೂರಿನ್ಯಾಗ ನಾನು ಇಪ್ಪತ್ತು ವರ್ಷದಿಂದ ಜಂಪರು ಹೊಲಿತೀನಿ. ನನ್ನ ಹತ್ರ ಕಲ್ತ ಹುಡುಗ್ಯಾರು ಕೂಡ್ಲಿಗ್ಯಾಗ, ಹಡಗಲ್ಯಾಗ, ಹಗರಿಬೊಮ್ಮನಹಳ್ಳ್ಯಾಗ ಸ್ವಂತ ಅಂಗಡಿ ಹಾಕ್ಯಾರ. ಸೂಜಿಗೆ ದಾರ ಪೋಣಿಸಾಕ ಬರದ ಹುಡುಗಿ ಸೈತ ಆರು ತಿಂಗಳಿಗೆ ಗಂಡನ ಮನ್ಯಾರ ಮುಂದ ಜಂಬ ಕೊಚ್ಚೋವಷ್ಟು ಕಲ್ತು ಹೋಗ್ಯಾಳ. ನನ್ನ ಕೈಲಿ ಕಲಿಸಾಕ ಆಗದ ಶಿಷ್ಯ ಅಂದ್ರ ಒಬ್ರ ಒಬ್ರು, ನಮ್ಮ ಪಕ್ಕದ ಮನಿ ಕಾಕಾರು. ಸರ್ಕಾರಿ ಬಸ್ಸಿನ್ಯಾಗ ಕಂಡಕ್ಟರ್ ಆಗಿ ರಿಟೈರ್ ಆದೋರು. ಹೋದ ತಿಂಗಳು ತೀರಿಕೊಂಡ್ರು. ಅವ್ರು ಹೊಲಿದು ಕೊಟ್ಟ, ಊಟದ ತಾಟಿನ ಬುಡಕ ಹಾಸೋ ಬಟ್ಟಿ ನನ್ನ ಮನ್ಯಾಗ ಹದಿನಾಲ್ಕು ಬಿದ್ದಾವ. ಒಂದಕ್ಕೂ ನಾಲ್ಕು ಮೂಲಿ ನೆಟ್ಟಗಿಲ್ಲ.

ಅಳಬೇಕು ಅಂತ ಕುಂತ್ರ ಆ ಬಟ್ಟಿ ಕಣ್ಣಿಗೆ ಬೀಳತಾವ, ನಗು ಬರತೈತಿ. ಎಂಥಾ ಮನುಷ್ಯನಪ್ಪಾ, ಸತ್ತ ಮ್ಯಾಲೂ ನೆಟ್ಟಗ ಅಳಾಕ ಬಿಡವಲ್ರು.

ಅವ್ರಿಗೆ ಕುಂತು ರೂಢಿನ ಇರಲಿಲ್ಲ. ನಮ್ಮ ಮನಿಗೆ ಬಂದ್ರ ಕುರ್ಚಿ ಮುಂದ ಸರಿಸಿದ್ರೂ ಕುಂದ್ರುತಿರಲಿಲ್ಲ. ಬಾಗಲ ಚೌಕಟ್ಟು ಒಂದು ಕೈಲೆ ಮ್ಯಾಲ ಹಿಡಕೊಂಡು, ಮೈ ಒಂದು ಕಡಿ ವಾಲಿಸಿ, ಮನಿ ಏನು ಓಡಾಕ ಹತ್ತೈತೇನೋ ಅನ್ನೋವಂಗ ನಿಂತು ಮಾತಾಡೋರು. ಎದುರಿಗೆ ಯಾರು ಬಂದ್ರೂ ಮೊದಲ ಮಾತು "ಎಲ್ಲಿಗೆ?" ನೀರು ತರೋರಿಗೂ "ಎಲ್ಲಿಗೆ?", ಸಂತಿಗೆ ಹೋಗೋರಿಗೂ "ಎಲ್ಲಿಗೆ?" ಒಮ್ಮೆ ಓಣ್ಯಾಗ ಹೆಣ ಹೊತ್ಕೊಂಡು ಹೊಂಟೋರಿಗೂ ಅಂದುಬಿಟ್ರು. ಹೊತ್ತೋರು ಪಾಪ ಏನಂತ ಹೇಳ್ಯಾರು? ಮುಂದಿನ ಮನುಷ್ಯ ಹೆದರಿ "ಹಳ್ಳದ ಕಡಿಗ್ರಿ" ಅಂದ. ಕಾಕಾನ ಕೈ ತಾನ ಎದಿ ಮ್ಯಾಲ ಟಿಕೆಟ್ ಚೀಲ ಹುಡುಕಿತು. ಆಮೇಲೆ ನಾಚಿಕೊಂಡು ಮೂರು ದಿನ ಹೊರಗ ಬರಲಿಲ್ಲ.

ಅವ್ರು ರಿಟೈರ್ ಆದಾಗ, ಹರಪನಹಳ್ಳ್ಯಾಗ ಇರೋ ಮಗಳು ಒಂದು ಊಟದ ಟೇಬಲ್ಲು, ಎರಡು ಕುರ್ಚಿ ಟೆಂಪೋದಾಗ ಹೇರಿ ಕಳಿಸಿದ್ಲು. ಟೇಬಲ್ ಬಂದ ವಾರಕ್ಕ ಉಳ್ಳಾಗಡ್ಡಿ ಬುಟ್ಟಿ, ಇಸ್ತ್ರಿ ಪೆಟ್ಟಿಗಿ, ಬಿಪಿ ಗುಳಿಗಿ, ಮಡಚಬೇಕಾದ ಅರಿವಿ ಎಲ್ಲಾ ಬಂದು ಅದರ ಮ್ಯಾಲ ಕುಂತ್ವು. ಮನುಷ್ಯಾರು ಮಾತ್ರ ಕುಂದ್ರಲಿಲ್ಲ. ಕಾಕಾನ ಹೆಂಡ್ತಿಗೆ ನಾನು ಚಿಗವ್ವ ಅಂತೀನಿ. ಚಿಗವ್ವ ಎಲ್ಲಾರದೂ ಊಟ ಮುಗದ ಮ್ಯಾಲ ಅಡಗಿಮನಿ ನೆಲದಾಗ, ತೊಡಿ ಮ್ಯಾಲ ತಾಟು ಇಟ್ಕೊಂಡು, ಗೋಡಿ ಕಡಿ ಮಕ ಮಾಡಿ ಒಬ್ಬಾಕೀನ ಉಣ್ಣಾಕಿ. ಕಾಕಾ ಚೌಕಟ್ಟು ಹಿಡಕೊಂಡು ನಿಂತು ಉಣ್ಣೋರು.

ಒಂದಿನ ಕಾಕಾ ಟೇಬಲ್ ಮ್ಯಾಲಿನ ಉಳ್ಳಾಗಡ್ಡಿ ಬುಟ್ಟಿ ಇಳಿಸಿ, "ಏ, ಬಾ ಇಲ್ಲಿ, ಕೂಡಿ ಉಣ್ಣೋಣು" ಅಂದ್ರಂತ.

ಚಿಗವ್ವ ರೊಟ್ಟಿ ತಟ್ಟೋದು ಬಿಟ್ಟು ನೋಡಿದ್ಲಂತ. "ಮೂವತ್ತು ವರ್ಷ ನಿಮ್ಮ ಬಸ್ಸು ಯಾವಾಗ ಬರತೈತಿ ಅಂತ ಕಾಯ್ದು ಕಾಯ್ದು ಒಬ್ಬಾಕೀನ ಉಣ್ಣೋದು ಕಲ್ತೀನಿ. ಈಗ ಬಂದು ಅದನ್ನ ಬಿಡು ಅಂದ್ರ ಬಿಡಾಕ ಬರತೈತೇನು? ಆ ಉಳ್ಳಾಗಡ್ಡಿ ಅಲ್ಲೇ ಇಡ್ರಿ, ಕೊಳಿತಾವ."

ಇದು ಕಾಕಾಗ ನಾಟಿಬಿಡ್ತು. ಮರುದಿನ ನನ್ನ ಚೌಕಟ್ಟಿಗೆ ಬಂದು ನಿಂತ್ರು. "ನೋಡವ್ವಾ, ಊರ ಮಂದಿಗೆಲ್ಲಾ ಸೀಟು ತೋರಿಸಿ ಕುಂದ್ರಿಸಿದ ಮನುಷ್ಯ ನಾನು. ನನ್ನ ಹೆಂಡ್ತಿಗೆ ಮನ್ಯಾಗ ಒಂದು ಸೀಟು ಕೊಡಾಕ ಆಗಲಿಲ್ಲ. ಅಕಿ ಒಮ್ಮೆರ ನನ್ನ ಎದುರಿಗೆ ಕುಂತು ಉಣಬೇಕು. ಅದೊಂದ ನನ್ನ ಆಸಿ."

"ಅದಕ್ಕ ನಾನೇನು ಮಾಡ್ಲಿ ಕಾಕಾ?"

"ತಾಟಿನ ಬುಡಕ ಹಾಸೋ ಬಟ್ಟಿ ಹೊಲಿಯೋದು ಕಲಿಸು. ಮಗಳ ಮನ್ಯಾಗ ನೋಡೀನಿ. ಬಟ್ಟಿ ಹಾಸಿದ್ರ ಆ ಸೀಟು ಅಕೀದು ಅಂತ ಗಟ್ಟಿ ಆಗತೈತಿ."

ಬಟ್ಟಿಗೂ ಸೀಟಿಗೂ ಏನು ಸಂಬಂಧ ಅಂತ ಕೇಳಿದೆ. ಅದನ್ನ ಕೇಳಬಾರದಿತ್ತು. ಅರ್ಧ ತಾಸು ಹೇಳಿದ್ರು. ಹಡಗಲಿ ಸಂತಿ ದಿನ ಬಸ್ಸು ಬಂದು ನಿಲ್ಲೋದಕ್ಕ ಮಂದಿ ಕಿಟಕ್ಯಾಗಿಂದ ಟವಲ್ ಹಾಕಿ ಸೀಟು ಹಿಡೀತಾರ. ಟವಲ್ ಇಲ್ಲದೋರು ಚೀಲ, ಸೌತಿಕಾಯಿ, ಒಬ್ಬಾಕಿ ಅಂತೂ ಕೂಸಿನ ಕುಲಾಯಿ ಹಾಕಿದ್ಲಂತ. ಜಗಳ ಬಂದ್ರ ಕಾಕಾನ ಕಾನೂನು ಒಂದ: ಬಟ್ಟಿ ಬಿದ್ದ ಸೀಟು ಬಟ್ಟಿಯವ್ರದು. ಅವ್ರು ಚಾ ಕುಡ್ಯಾಕ ಇಳಿದಿರಲಿ, ಮಿರ್ಚಿ ಕಟ್ಟಿಸಾಕ ಹೋಗಿರಲಿ, "ಬಟ್ಟಿ ಹಾಕಿ ಹೋಗ್ಯಾರ, ಬರ್ತಾರ" ಅಂತ ಕುಂತೋರನ್ನ ಎಬ್ಬಿಸೋರು. ಬಟ್ಟಿಯವ್ರು ಹತ್ತೋತನಕ "ರೈಟ್" ಅಂತಿರಲಿಲ್ಲ. ಅವ್ರು ರೈಟ್ ಅನ್ನೋತನಕ ಡ್ರೈವರ್ ಗಾಡಿ ಎಬ್ಬಿಸ್ತಿರಲಿಲ್ಲ.

ಈ ಸುದ್ದಿ ಚಿಗವ್ವನ ಕಿವಿಗೆ ಬಿತ್ತು. ಅಕಿ ಕೌದಿ ಹೊಲಿಯೋದ್ರಾಗ ನಮ್ಮ ಓಣಿಗೇ ಎತ್ತಿದ ಕೈ. "ಇವ್ರೇನು, ಹೊಲಿಯೋದೇನು! ನಾಲ್ಕು ಮೂಲಿ ನೆಟ್ಟಗಿರೋ ಬಟ್ಟಿ ಒಂದ ಒಂದು ಹೊಲಿಲಿ, ಅವತ್ತು ಕುರ್ಚಿ ಮ್ಯಾಲ ಕುಂತು ಉಣ್ತೀನಿ" ಅಂದುಬಿಟ್ಲು. ಹಾಸ್ಯಕ್ಕ ಅಂದ್ಲು. ಕಾಕಾ ಅದನ್ನ ಸರ್ಕಾರಿ ಆರ್ಡರ್ ಅಂತ ತಗೊಂಡ್ರು.

ತಾಟಿನ ಬಟ್ಟಿ ಅಂದ್ರ ಹೊಲಿಗ್ಯಾಗ ಎಲ್ಲಾಕಿಂತ ಸುಲಭದ್ದು. ಒಂದು ಮೊಳ ಉದ್ದ, ಒಂದೂವರಿ ಗೇಣು ಅಗಲ, ಎರಡು ತುಂಡು. ಸುಲ್ಟಾ ಮಕಕ್ಕ ಸುಲ್ಟಾ ಮಕ, ಅಂದ್ರ ಚಂದ ಕಾಣೋ ಮಗ್ಗಲು ಒಳಗ ಬರೋವಂಗ, ಕೂಡಿಸಿ ನಾಲ್ಕೂ ಕಡಿ ಹೊಲಿಗಿ ಹಾಕಬೇಕು, ಒಂದು ಕಡಿ ನಾಲ್ಕು ಬಟ್ಟು ಅಗಲ ಬಾಯಿ ಬಿಡಬೇಕು. ಆ ಬಾಯಾಗಿಂದ ಒಳಗಿಂದು ಹೊರಗ ತಿರುವಿ, ಬಾಯಿ ಮುಚ್ಚಿಬಿಟ್ರ ಆತು. ಕೂಸು ಮಾಡತೈತಿ. ಕಾಕಾ ತಮ್ಮ ಹಳೇ ಖಾಕಿ ಪ್ಯಾಂಟು ಒಂದು ಮಕಕ್ಕ, ಚಿಗವ್ವನ ಹಳೇ ಸೀರಿ ಇನ್ನೊಂದು ಮಕಕ್ಕ ಅಂತ ಕತ್ತರಿಸಿಕೊಂಡು, ಟಿಕೆಟ್ ಚೀಲದಾಗ ದಾರ, ಟಾಚಣಿ ತುಂಬಿಕೊಂಡು, ಕಿವಿ ಮ್ಯಾಲ ಪೆನ್ಸಿಲ್ ಸಿಗಿಸಿಕೊಂಡು ಡ್ಯೂಟಿಗೆ ಬಂದಂಗ ಬಂದ್ರು. ನನ್ನ ಹಳೇ ಕಾಲಿನ ಮಿಷನ್ನು ಕೊಟ್ಟೆ.

"ರೈಟ್" ಅಂದು ತುಳಿದ್ರು ನೋಡ್ರಿ! ಮಿಷನ್ನು ಗಡಗಡ ಓಡಿತು. ಮೂಲಿ ಬಂತು. "ನಿಲ್ಲಿಸ್ರಿ ಕಾಕಾ, ಮೂಲಿ ಬಂತು" ಅಂದೆ. ಕಾಕಾ ಕಿಸೆದಾಗಿನ ಸೀಟಿ ತಗದು ಪೀ ಅಂತ ಊದಿದ್ರು. ಮಿಷನ್ನು ನಿಲ್ಲಲಿಲ್ಲ. ಮತ್ತೊಮ್ಮೆ ಊದಿದ್ರು. ಬಟ್ಟಿ ದಾಟಿ, ಅವ್ರ ಅಂಗಿ ತೋಳಿನ ಗುಂಡಿ ಸೇರಿಸಿ ಹೊಲಕೊಂಡು ಹೋತು.

"ಬಲಗೈ ಗಾಲಿ ಮ್ಯಾಲ ಇಟ್ಟು ತಡೀರಿ ಅಂತ ಹೇಳಿದ್ನಲ್ಲ?"

"ನಾನು ಬ್ರೇಕ್ ಹಾಕಿದಾಂವ ಅಲ್ಲವ್ವಾ, ಸೀಟಿ ಊದಿದಾಂವ."

ಖರೇನ, ಅವರ ಬಲಗೈ ಗಾಲಿ ಮ್ಯಾಲ ಇರತಿರಲಿಲ್ಲ. ಮಿಷನ್ನು ಜೋರಾದ ಕೂಡ್ಲೇ ಕೈ ಮ್ಯಾಲ ಹೋಗಿ ಬಸ್ಸಿನ ಕಂಬಿ ಹುಡುಕೋದು. ಕಂಬಿ ಸಿಗಲಿಲ್ಲ ಅಂತ ಆಮೇಲೆ ಜಂತಿಗೆ ಒಂದು ಹಗ್ಗ ಕಟ್ಟಿಕೊಂಡ್ರು. ಒಂದು ಕೈಲೆ ಹಗ್ಗ ಹಿಡಕೊಂಡು, ಒಂದು ಕೈಲೆ ಬಟ್ಟಿ ನೂಕ್ಕೊಂತ, ಬಾಯಾಗ ಸೀಟಿ. ನನ್ನ ಹತ್ರ ಜಂಪರು ಹೊಲಿಯಾಕ ಕೊಡಾಕ ಬಂದ ಹೆಂಗಸರು ಬಾಗಲದಾಗಿಂದನ ನೋಡಿ ವಾಪಸ್ ಹೋಗೋರು.

ಅವ್ರ ಕೂಡ ಹದಿನಾರು ವರ್ಷ ಬಸ್ಸು ಹೊಡದ ಡ್ರೈವರ್ ಅಣ್ಣಾರು ನಮ್ಮೂರಾಗನ ಅದಾರ. ಕಾಕಾ ಅವ್ರನ್ನ ಕರ್ಕೊಂಡು ಬಂದು ಮಿಷನ್ನು ತೋರಿಸಿದ್ರು. ಅಣ್ಣಾರು ಸುತ್ತೂ ಕಡಿ ನೋಡಿ, ಬಗ್ಗಿ ಪೆಡಲ್ ನೋಡಿ, "ಬ್ರೇಕಿಲ್ಲದ ಗಾಡಿ ನಾ ಮುಟ್ಟಂಗಿಲ್ಲಪ್ಪೋ" ಅಂದು ಚಾ ಕುಡಿದು ಹೋದ್ರು.

ಮೊದಲ ಬಟ್ಟಿ ತಿರುವೋಕಿಂತ ಮೊದಲ ಬಾಯಿ ಮುಚ್ಚಿಬಿಟ್ರು. ಸುಲ್ಟಾ ಎಲ್ಲಾ ಒಳಗ, ಉಲ್ಟಾ ಎಲ್ಲಾ ಹೊರಗ. "ಒಳಗಿನೋರು ಹೊರಗ ಬರಾಕ ಬಾಗಲ ಬಿಡಲಿಲ್ಲಲ್ಲ ಕಾಕಾ" ಅಂದ್ರ ಹಣಿ ಬಡಕೊಂಡ್ರು. ಎರಡನೇದ್ರಾಗ ಪ್ಯಾಂಟಿನ ಕಿಸೆ ಬಿಚ್ಚದ ಹಂಗ ಉಳದಿತ್ತು. ಅದು ಉಪ್ಪಿನಕಾಯಿ ಇಡಾಕ ಅಂದ್ರು. ಮೂರನೇದು ನೆಲಕ್ಕ ಹಾಸಿದ್ರ ಹರದ ಗಾಳಿಪಟ ಆಗಿತ್ತು. ಆಮೇಲೆ ನಾನು ಲೆಕ್ಕ ಬಿಟ್ಟೆ.

ಇನ್ನ ಇರುವಿ ಕತಿ. ನಮ್ಮ ಕಡಿ ಕೌದಿ ಬಾಯಿ ಮುಚ್ಚೋ ಮುಂದ ಒಂದು ತುಣುಕು ರೊಟ್ಟಿ ಒಳಗ ಇಟ್ಟು ಹೊಲಿತಾರ. ಕೌದಿ ಹಸದಿರಬಾರದು, ಹಸದ ಕೌದಿ ಹೊದ್ದೋರಿಗೆ ನಿದ್ದಿ ಕೊಡಂಗಿಲ್ಲ ಅಂತ. ಇದನ್ನ ಚಿಗವ್ವ ಮಾಡೋದು ಕಾಕಾ ನೋಡಿದ್ರು. ಕೌದಿಗೆ ರೊಟ್ಟಿ ಆದ್ರ ತಾಟಿನ ಬಟ್ಟಿಗೆ ಏನು? ಊಟದ ಬಟ್ಟಿ ಅಲ್ಲೇನು, ಸಿಹಿನ ಇರಲಿ ಅಂತ ಒಂದೊಂದಕ್ಕೂ ಒಂದೊಂದು ಅಚ್ಚು ಬೆಲ್ಲ ಇಟ್ಟು ಹೊಲಿದ್ರು. ತಾಟು ಇಟ್ರ ಗುಡ್ಡದ ಮ್ಯಾಲ ಇಟ್ಟಂಗ ವಾಲೋದು. ಎರಡು ದಿನಕ್ಕ ಅವ್ರ ಮನಿಯಿಂದ ನಮ್ಮ ಮನಿತನಕ ಇರುವಿ ಸಾಲು. ಕಾಕಾ ನಡುವ ನಿಂತು "ಒಳಗ ಸರೀರಿ, ಒಳಗ ಸರೀರಿ" ಅಂತಿದ್ರು. ಹಾಸ್ಯ ಅಲ್ಲ, ನಾನ ಕಿವಿಯಾರ ಕೇಳೀನಿ.

ಕೆಟ್ಟ ಬಟ್ಟಿ ಎಲ್ಲಾ ಓಣ್ಯಾಗ ಹಂಚೋರು. "ತಗೊಳ್ರಿ ತಗೊಳ್ರಿ, ಯಾರ್ಯಾರು ತಗೊಂಡಿಲ್ಲ?" ಅಂತ ಮನಿ ಮನಿಗೆ. ಒಲ್ಲೆ ಅಂದ್ರ ಕೇಳಬೇಕಲ್ಲ. ಮಂಡಕ್ಕಿ ಅಂಗಡ್ಯಾಗ ಬಿಸಿ ಬಾಣಲಿ ಇಳಿಸಾಕ ಅದ ಬಟ್ಟಿ, ಆಟೋದ ಸೀಟಿಗೆ ಅದ, ಗ್ಯಾಸ್ ಸಿಲಿಂಡರಿನ ಬುಡಕ ಅದ. ಚಳಿಗಾಲದಾಗ ಕುರಿ ಕಾಯೋ ಅಜ್ಜ ಒಬ್ಬ ಆಗ ಹುಟ್ಟಿದ ಮರಿ ಬೆನ್ನಿಗೆ ಕಟ್ಟಿದ್ದ. ಖಾಕಿ ತೊಟ್ಟ ಕುರಿಮರಿ, ಬೆನ್ನ ಮ್ಯಾಲ ಕಿಸೆ ಬೇರೆ, ಓಣ್ಯಾಗ ಕುಣಕೊಂತ ಬಂತು. ಕಾಕಾ ಅದಕ್ಕೂ "ಎಲ್ಲಿಗೆ?" ಅಂದ್ರು.

ಊರೆಲ್ಲಾ ನಕ್ಕಿತು. ನಾನೂ ನಕ್ಕೆ. ಆದ್ರ ದಿನಾ ಸಂಜಿಮುಂದ ಅವ್ರು ಅವತ್ತಿನ ಬಟ್ಟಿ ಮಡಚಿಕೊಂಡು ಮನಿಗೆ ಹೋಗೋರು, ಗೋಡಿ ಆಕಡಿಂದ ಚಿಗವ್ವನ ದನಿ ಕೇಳೋದು: "ಸೊಟ್ಟ ಐತಿ." ಅಷ್ಟ. ಆಮೇಲೆ ಒಬ್ರು ನಿಂತು ಉಣ್ಣೋ ಸಪ್ಪಳ, ಒಬ್ರು ಕುಂತು ಕಾಯೋ ಸಪ್ಪಳ. ಎರಡು ವರ್ಷ ಇದನ್ನ ಕೇಳಿ ಕೇಳಿ ನನಗ ತಡಕೊಳ್ಳಾಕ ಆಗಲಿಲ್ಲ. ಒಂದಿನ ನಾನ ಒಂದು ಬಟ್ಟಿ ಹೊಲಿದೆ. ಖಾಕಿ ಒಂದು ಮಕ, ಸೀರಿ ಒಂದು ಮಕ, ಮೂಲಿ ಅಂದ್ರ ಪುಸ್ತಕದ ಮೂಲಿ. "ನೀವ ಹೊಲಿದಿದ್ದು ಅಂತ ಹೇಳ್ರಿ" ಅಂತ ಕಾಕಾನ ಕೈಯಾಗ ತುರುಕಿದೆ. ಅವ್ರು ಒಲ್ಲೆ ಅಂದ್ರು. ನಾನು ಬೈದೆ. ತಗೊಂಡು ಹೋದ್ರು.

ಚಿಗವ್ವ ಬಟ್ಟಿ ಹಿಂದ ಮುಂದ ತಿರುವಿ ನೋಡಿ ಒಂದ ಮಾತು ಅಂದ್ಲು: "ನಮ್ಮವ್ವ ನಿಮ್ಮ ಬಸ್ಸು ಹತ್ತಿದಾಗ ಅಕೀಗೂ ಟಿಕೆಟ್ ಹರದೋರು ನೀವು. ಈಗ ನನ್ನ ಮುಂದ ಟಿಕೆಟ್ ಇಲ್ಲದ ಹತ್ತೀರೇನು?"

ಕಾಕಾ ಮರುದಿನ ನನ್ನ ಚೌಕಟ್ಟಿಗೆ ಬಂದ್ರು. ಹಿಡಕೊಳ್ಳಾಕ ಕೈ ಎತ್ತಲಿಲ್ಲ. ಮೊಟ್ಟಮೊದಲ ಸಲ ನನ್ನ ಕುರ್ಚಿ ಮ್ಯಾಲ ಕುಂತ್ರು. ಅದನ್ನ ನೋಡಿ ನನಗ ಹೆದರಿಕಿ ಆತು. "ಸಿಕ್ಕಿ ಬಿದ್ದೆನವ್ವಾ" ಅಂದ್ರು. ಮೂರು ದಿನ ಮಿಷನ್ನು ಮುಟ್ಟಲಿಲ್ಲ.

ನಾಲ್ಕನೇ ದಿನ ಚಿಗವ್ವ ಬಂದ್ಲು. ಬಂದಾಕಿ ನನ್ನನ್ನ ತರಾಟೆಗೆ ತಗೋತಾಳ ಅನ್ಕೊಂಡೆ. ಅಕಿ ನನ್ನ ಮುಂದ ನೆಲದಾಗ ಕುಂತು ಸೆರಗಿನ ದಾರ ಕಿತ್ತುಕೊಂತ ಅಂದ್ಲು: "ನಾ ಹಟಕ್ಕ ಮಾಡಾಕ ಹತ್ತೀನಿ ಅಂತ ತಿಳಕೊಂಡೀ ಏನು? ಹೆದರಿಕಿ ಐತವ್ವಾ. ಎದುರು ಬದುರು ಕುಂತು ಏನು ಮಾತಾಡ್ಲಿ? ಮೂವತ್ತು ವರ್ಷದಾಗ ಅವ್ರು ಬರೋದು, ಉಣ್ಣೋದು, ಮಲಗೋದು, ಹೋಗೋದು. ಅವ್ರಿಗೆ ಮಾತಂದ್ರ 'ಎಲ್ಲಿಗೆ' ಅನ್ನೋದೊಂದ ಬರೋದು. ಕುಂತಾಗ ಇಬ್ರೂ ಸುಮ್ನ ಕುಂತ್ರ? ಮಾತ ಇಲ್ಲ ಅಂತ ಗೊತ್ತಾಗಿಬಿಟ್ರ?"

ಇಂಥಾ ಮಾತು ಬಂದಾಗ ನಾನು ಕೆಲಸದ ಮಾತಾಡ್ತೀನಿ. "ಚಿಗವ್ವ, ಅವ್ರಿಗೆ ಹೊಲಿಗಿ ಬರತೈತಿ. ಗಾಲಿ ತಡಿಯೋದು ಬರಂಗಿಲ್ಲ. ಯಾರರ ಬಾಜೂಕ ಕುಂತು ಗಾಲಿ ಹಿಡದ್ರ ಮೂಲಿ ನೆಟ್ಟಗ ಬರತಾವ" ಅಂದೆ.

ಅಕಿ ಎದ್ದು ಹೋದ್ಲು. ಮಧ್ಯಾಹ್ನ ಕಾಕಾನ ರೆಟ್ಟಿ ಹಿಡಕೊಂಡು ಬಂದ್ಲು. ಕಾಕಾನ್ನ ಮಿಷನ್ನಿಗೆ ಕುಂದ್ರಿಸಿ, ತಾನು ಬಾಜೂಕ ಕುಂದ್ರೋ ಮಣಿ ಹಾಕಿಕೊಂಡು ಕುಂತು ಗಾಲಿ ಮ್ಯಾಲ ಅಂಗೈ ಇಟ್ಲು. "ಊದ್ರಿ" ಅಂದ್ಲು.

ರೈಟ್. ಗಡಗಡ. ಮೂಲಿ ಬಂತು, ಪೀ. ಚಿಗವ್ವ ಗಾಲಿ ಹಿಡದ್ಲು, ಮಿಷನ್ನು ನಿಂತಿತು. ಸೂಜಿ ಬಟ್ಟ್ಯಾಗ ನಿಂತಿತು! ಕಾಕಾ ಬಟ್ಟಿ ತಿರುವಿದ್ರು. ರೈಟ್. ಮತ್ತ ಪೀ. ಹಿಂಗ ಎರಡು ಬಟ್ಟಿ ಆದ್ವು. ಇಬ್ಬರ ನಡುವ ಸೀಟಿ ಮತ್ತ ಅಂಗೈ ಅಷ್ಟ. ಬಾಯಿ ಮುಚ್ಚೋ ಮುಂದ ಚಿಗವ್ವ ಸೆರಗಿನ ಗಂಟಿನಿಂದ ಉಗುರಷ್ಟು ರೊಟ್ಟಿ ತಗದು ಎರಡರಾಗೂ ಇಟ್ಲು. "ಬೆಲ್ಲ ಅಂತ, ಬೆಲ್ಲ" ಅಂತ ಗೊಣಗಿದ್ಲು.

ನಾನು ಟೇಪು ತಗದು ಅಳದೆ. ಮೊದಲನೇದ್ರಾಗ ಮೂರು ಮೂಲಿ ಬಂಗಾರ. ನಾಲ್ಕನೇದು ಒಂದು ಬಟ್ಟು ಆಚೆ. ಎರಡನೇದ್ರದೂ ಅದ ಕತಿ. ನನ್ನ ಚಟ, ಬಾಯಿ ತಡೀಲಿಲ್ಲ: "ಚಿಗವ್ವ, ಈ ಮೂಲಿ ಒಂದು ಬಟ್ಟು..."

"ನೆಟ್ಟಗ ಐತಿ."

"ಇಲ್ಲ ಚಿಗವ್ವ, ಟೇಪಿನ್ಯಾಗ..."

"ನೆಟ್ಟಗ ಐತಿ ಅಂದ್ನಲ್ಲ. ಆ ಟೇಪು ಸುತ್ತಿ ಒಳಗಿಡು."

ಕಾಕಾ ಇಬ್ಬರ ಮಕಾನೂ ನೋಡಿದ್ರು. ಆಮೇಲೆ ಮಕ ತಿರುವಿ ಜಂತಿಗೆ ಕಟ್ಟಿದ ಹಗ್ಗ ಬಿಚ್ಚಾಕ ಹತ್ತಿದ್ರು. ಬಾಳ ಹೊತ್ತು ಬಿಚ್ಚಿದ್ರು.

ಅವತ್ತು ಅವ್ರ ಮನ್ಯಾಗ ಊಟ. ಸಾಕ್ಷಿಗೆ ಅಂತ ನನ್ನನ್ನೂ ಕರದಿದ್ರು, ನಾನು ಚೌಕಟ್ಟಿನ್ಯಾಗ ನಿಂತಿದ್ದೆ. ಒಂದು ಬಟ್ಟಿ ಖಾಕಿ ಮಕ ಮ್ಯಾಲಾಗಿ ಕಾಕಾನ ಮುಂದ, ಇನ್ನೊಂದು ಸೀರಿ ಮಕ ಮ್ಯಾಲಾಗಿ ಚಿಗವ್ವನ ಮುಂದ. ಜ್ವಾಳದ ರೊಟ್ಟಿ, ಹುಳ್ಳಿಕಾಳಿನ ಸಾರು, ಕೆಂಪು ಖಾರ. ಚಿಗವ್ವ ಕುರ್ಚಿ ಮ್ಯಾಲ ಎರಡೂ ಕಾಲು ಮಡಚಿ ಕುಂತಿದ್ಲು. ಇಬ್ಬರೂ ತಾಟು ನೋಡ್ಕೊಂತ ಉಣ್ಣಾಕ ಹತ್ತಿದ್ರು. ಒಂದು ತುತ್ತು, ಎರಡು ತುತ್ತು. ಮೂರನೇ ತುತ್ತಿಗೆ ಕಾಕಾ ತಾಟು ಎಡಗೈಯಾಗ ಎತ್ತಿಕೊಂಡು ಎದ್ದು ನಿಂತುಬಿಟ್ರು! ರೂಢಿ ನೋಡ್ರಿ. ಎರಡು ವರ್ಷ ಇದಕ್ಕಂತನ ಹೆಣಗಿದ ಮನುಷ್ಯ.

ಚಿಗವ್ವ ಅವ್ರ ಅಂಗಿ ಚುಂಗು ಹಿಡದು ಜಗ್ಗಿದ್ಲು. "ಸೀಟು ಐತಿ, ಕುಂದರ್ರಿ."

ಕುಂತ್ರು. ಸುಮ್ನ ಉಂಡ್ರು. ಚಿಗವ್ವ ಹೆದರಿದ್ದ ಆ ಸುಮ್ನಿರೋದು ಬಂದುಬಿಡ್ತು. ನಾನು ಹೊರಗ ನೋಡಿದೆ. ಆಗ ಕಾಕಾ ಗಂಟಲು ಸರಿ ಮಾಡಿಕೊಂಡು, ಏನರ ಮಾತಾಡಬೇಕು ಅಂತ ಒದ್ದಾಡಿ ಒದ್ದಾಡಿ, ಹೆಂಡ್ತಿ ಮಕ ನೋಡಿ ಕೇಳಿದ್ರು: "ಎಲ್ಲಿಗೆ?"

ಚಿಗವ್ವ ನಕ್ಕಳು. ರೊಟ್ಟಿ ಗಂಟಲಿಗೆ ಸಿಕ್ಕಿ, ಕೆಮ್ಮಿ, ಕಣ್ಣಾಗ ನೀರು ಬಂದು, ಮತ್ತ ನಕ್ಕಳು. "ಎಲ್ಲಿಗೂ ಇಲ್ಲ, ಇಲ್ಲೇ. ಉಣ್ರಿ."

ಆಮೇಲೆ ಒಂಬತ್ತು ತಿಂಗಳು ದಿನಾ ಎರಡು ಹೊತ್ತು ಹಂಗ ಕುಂತು ಉಂಡ್ರು. ಗೋಡಿ ಆಕಡಿಂದ ಈಗ ಮಾತು ಕೇಳೋದು. ಹಡಗಲಿ ಸಂತಿದು, ಕೂಸಿನ ಕುಲಾಯಿದು, ಯಾವ್ಯಾವದೋ. ಚಿಗವ್ವನೂ ಬಿಡ್ತಿರಲಿಲ್ಲ, ಕಾಯ್ದ ಮೂವತ್ತು ವರ್ಷದ ಸುದ್ದಿ ಎಲ್ಲಾ ತಗೀತಿದ್ಲು. ಹೋದ ತಿಂಗಳು ಒಂದಿನ ಊಟ ಮಾಡಿ, ಬಾಯಿ ಮುಕ್ಕಳಿಸಿ ಬಂದು ಮಲಗಿದ ಕಾಕಾ ಏಳಲಿಲ್ಲ.

ಹನ್ನೊಂದನೇ ದಿನಕ್ಕ ಕಾಕಾನ ದಿವಸದ ಊಟ ಇಟ್ಟಿದ್ರು. ಹೊರಗ ಶಾಮಿಯಾನದಾಗ ಮಂದಿ ನೆಲಕ್ಕ ಸಾಲಾಗಿ ಕುಂತಿದ್ರು. ಡ್ರೈವರ್ ಅಣ್ಣಾರಿಗೆ ಮೊಣಕಾಲು ಬಗ್ಗಂಗಿಲ್ಲ. ತಾಟು ಹಿಡಕೊಂಡು ಒಳಗ ಬಂದು, ಟೇಬಲ್ಲಿನ ಕುರ್ಚಿ ಖಾಲಿ ಐತಿ ಅಂತ ಕುಂತ್ರು. ನಾನು ನೀರು ಕೊಡಾಕ ಹೋಗಿದ್ದೆ. ಚಿಗವ್ವ ಅಡಗಿಮನಿಯಿಂದ ಬಂದು ನೋಡಿದ್ಲು.

"ಏಳ್ರಿ ಅಣ್ಣಾರ."

"ಯಾಕವ್ವಾ?"

"ಬಟ್ಟಿ ಕಾಣಂಗಿಲ್ಲೇನು?"

ಅಣ್ಣಾರು ತಾಟು ಎತ್ತಿ ನೋಡಿದ್ರು. ಕೆಳಗ ಖಾಕಿ ಬಟ್ಟಿ, ಒಂದು ಮೂಲಿ ಒಂದು ಬಟ್ಟು ಆಚೆ.

"ಬಟ್ಟಿ ಹಾಕಿ ಹೋಗ್ಯಾರ" ಅಂದ್ಲು ಚಿಗವ್ವ.

ಬಾಗಲದಾಗ ನಿಂತಿದ್ದ ಬೀಗರ ಪೈಕಿ ಯಾರೋ ಒಬ್ಬ, "ಇನ್ನೆಲ್ಲಿ ಬರ್ತಾರ ಬಿಡಬೇ" ಅಂದ.

ಡ್ರೈವರ್ ಅಣ್ಣಾರು ಟೇಬಲ್ ಹಿಡಕೊಂಡು ಎದ್ರು. "ನೀ ಸುಮ್ನಿರಲೇ" ಅಂದ್ರು ಅವನಿಗೆ. "ಹದಿನಾರು ವರ್ಷದಾಗ ಅವ ರೈಟ್ ಅನ್ನಲಾರದ ನಾ ಒಮ್ಮೆನೂ ಗಾಡಿ ಎಬ್ಬಿಸಿಲ್ಲ."

ಅಂದು, ಚೌಕಟ್ಟಿಗೆ ಹೆಗಲು ಕೊಟ್ಟು ನಿಂತು ಉಂಡ್ರು. ಚಿಗವ್ವ ಒಂದು ತಾಟು ಬಡಿಸಿಕೊಂಡು ಬಂದು ತನ್ನ ಸೀಟಿನ್ಯಾಗ ಕುಂತ್ಲು.